ತೆಳು ಕಲಾಯಿ

ಶಿಕಾರಿಪುರದ ಬೀದಿಯಲ್ಲಿ ಕೂತು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ನನಗೆ ಎಪ್ಪತ್ತರ ದಶಕದಲ್ಲಿ ವರ್ಷಕ್ಕೊಮ್ಮೆ ನೀರಿನ ಮೇಲಿನ ತಿರುಗಾಟವಿತ್ತು. ದೀಪಾವಳಿಗೆ ಮುಂಚೆ ಬಸ್ಸು ಹತ್ತಿ ಸೊರಬಕ್ಕೆ, ಅಲ್ಲಿಂದ ಶರಾವತಿ ಹಿನ್ನೀರಿಗೆ. ಅಣೆಕಟ್ಟೆಯ ನೀರು ಏರಿ ಅಲ್ಲಿನ ಗುಡ್ಡಗಳೆಲ್ಲ ನಡುಗಡ್ಡೆಗಳಾಗಿದ್ದವು. ಅವುಗಳ ಮೇಲೆ ಇನ್ನೂ ಒಂದೆರಡು ಮನೆ ಉಳಿದಿದ್ದವು. ಗಾಳಿ ಊದುವ ತಿದಿ, ಇದ್ದಿಲು, ಪಾತ್ರೆ ಉಜ್ಜುವ ನವಸಾಗರದ ಡಬ್ಬಿ, ಕರಗಿಸಿ ಬಳಿಯುವ ತವರದ ಕಡ್ಡಿ ಹೇರಿಕೊಂಡು ಎಂಟು ದಿನ ದೋಣಿಯಲ್ಲೇ ಅಡುಗೆ, ದೋಣಿಯಲ್ಲೇ ನಿದ್ದೆ. ಅಂಬಿಗನೇ ನನ್ನ ತಿದಿ ಒತ್ತುತ್ತಿದ್ದ.

ಆ ವರ್ಷ ಸೊರಬದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ನನ್ನ ಭಾಮೈದ, “ಇನ್ನೆರಡು ತವರದ ಕಡ್ಡಿ ಇಟ್ಕೊಳ್ರೀ, ನೀರಿನ ಮಧ್ಯ ಸಾಲ್ದೆ ಹೋದ್ರೆ ಎಲ್ಲಿ ಹುಡುಕ್ತೀರಿ?” ಅಂದ.

“ಪಾತ್ರೆ ಮಾರೋನು ನೀನು, ಕಲಾಯಿ ಹಾಕೋನು ನಾನು. ನನಗೇ ಪಾಠ ಹೇಳ್ತೀಯಾ?” ಎಂದು ಸಿಡುಕಿದೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ, ಈಗಲೂ ಅಷ್ಟೇ.

ಕೊನೆಯ ದಿನ ಮೂರು ನಡುಗಡ್ಡೆ ಮುಗಿಸಬೇಕಿತ್ತು. ಮೊದಲನೆಯದರಲ್ಲಿ ಬೆಳಿಗ್ಗೆಯೇ ಕೆಲಸ ಮುಗಿಯಿತು. ಎರಡನೆಯದರಲ್ಲಿ ಮದುವೆ ಮನೆ. “ಸಾಬ್ರು ಕಲಾಯಿ ಹಾಕಿದ್ರೆ ಹಿತ್ತಾಳೆ ಹೋಗಿ ಬೆಳ್ಳಿ ಆಗ್ತದೆ ಕಣ್ರೇ!” ಎಂದು ಹೆಂಗಸರು ಹೊಗಳಿ ಅಟ್ಟಕ್ಕೇರಿಸಿದರು. ನಾನೂ ಉಬ್ಬಿಹೋಗಿ ದಪ್ಪ ದಪ್ಪವಾಗಿ ಬಳಿದೆ, ಸೌಟನ್ನೂ ಬಿಡಲಿಲ್ಲ. ಅಲ್ಲಿಂದ ದೋಣಿ ಬಿಡುವಾಗ ಉಳಿದದ್ದು ಹೆಬ್ಬೆರಳುದ್ದ ತವರ.

ಮೂರನೆಯದರಲ್ಲಿ ಒಬ್ಬಳೇ ಗಿರಾಕಿ. ಐವತ್ತು ದಾಟಿದ ಹೆಂಗಸು, ಅಡುಗೆಗೆ ಹೆಸರಾದವಳು. ಸುತ್ತಲ ನಡುಗಡ್ಡೆಗಳಲ್ಲಿ ಮದುವೆ, ನಾಮಕರಣ, ತಿಥಿ ಏನಿದ್ದರೂ ದೋಣಿ ಕಳಿಸಿ ಅವಳನ್ನು ಕರೆಸುತ್ತಿದ್ದರು. ಅವಳು ತನ್ನ ದೊಡ್ಡ ಹಿತ್ತಾಳೆ ತಪ್ಪಲೆ ತಂದು ಮುಂದಿಟ್ಟಳು. “ತವರ ಮುಗೀತಮ್ಮಾ, ಇನ್ನೊಮ್ಮೆ ಬರ್ತೀನಿ” ಅನ್ನಲು ನಾಲಿಗೆ ಏಳಲಿಲ್ಲ. ಭಾಮೈದನ ಮಾತು ನಿಜವಾಯಿತಲ್ಲ ಅನ್ನೋ ಉರಿ ಬೇರೆ.

“ಸಾಕಾಗ್ತದಾ?” ಅಂದ ಅಂಬಿಗ.

“ನೀನು ತಿದಿ ಒತ್ತು ಸುಮ್ನೆ.”

ಇದ್ದಷ್ಟನ್ನೇ ಹತ್ತಿಯಲ್ಲಿ ಎಳೆದೆಳೆದು ಸವರಿದೆ. ಹೊಳೆಯಿತು. ನಾಲ್ಕು ಸಲ ಹುಳಿ ಕುದಿಸಿದರೆ ಹಿತ್ತಾಳೆ ಬಾಯಿ ಬಿಡುತ್ತದೆ, ಕಿಲುಬು ಊಟಕ್ಕೆ ಇಳಿಯುತ್ತದೆ. ಗೊತ್ತಿತ್ತು ನನಗೆ. ಗೊತ್ತಿದ್ದೂ, “ವರ್ಷ ತಡೀತದೆ ಅಮ್ಮಾ” ಅಂದೆ. ಅವಳು ಜಗಲಿಯ ಮೇಲೆ ಎಲೆ ಹಾಕಿ ಮೀನುಸಾರು ಬಡಿಸಿದಳು. ನಾಚಿಕೆಗೆಟ್ಟವನು, ಎರಡು ಸಲ ಅನ್ನ ಹಾಕಿಸಿಕೊಂಡೆ.

ಮರುವರ್ಷ ಹೋದಾಗ ಅವಳು ತಪ್ಪಲೆ ತರಲಿಲ್ಲ. ನಾನೇ ಕೇಳಿದೆ.

“ಅದಕ್ಕೆ ಇನ್ನೆಂತಕ್ಕೆ ಕಲಾಯಿ, ಸಾಬ್ರೆ? ಬಚ್ಚಲಲ್ಲಿ ಇಟ್ಟೀನಿ” ಅಂದಳು. “ದೀಪಾವಳಿ ಕಳೆದು ಒಂದು ನಾಮಕರಣದ ಮನೇಲಿ ನಾ ಅದೇ ತಪ್ಪಲೇಲಿ ಮಾಡಿದ ಹುಳಿ ಉಂಡೋರೆಲ್ಲ ವಾಂತಿ ಮಾಡ್ಕಂಡ್ರು ಮಾರಾಯ. ಕೂಸುಗಳೂ. ದೇವರ ದಯ, ಯಾರ ಜೀವಕ್ಕೂ ಎಂತದೂ ಆಗ್ಲಿಲ್ಲ. ಪಾತ್ರೆ ನೋಡಿ ಅಂದ್ರು ಕೆಲವರು. ಕಲಾಯಿ ಹಾಕ್ಸಿ ತಿಂಗಳಾಗ್ಲಿಲ್ಲ, ಸಾಬ್ರ ಕೆಲ್ಸಕ್ಕೆ ಹೆಸರಿಡಬೇಡಿ ಅಂತ ನಾನೇ ಬಾಯಿ ಮುಚ್ಚಿಸ್ದೆ. ಅವತ್ತಿಂದ ಯಾರ ದೋಣಿನೂ ಬರಲ್ಲ. ಮನೇಲೂ ಸೊಸೆ ಒಲೆ ಮುಟ್ಟಕ್ಕೆ ಬಿಡಲ್ಲ.”

ತೋಬಾ! ಆಗಲಾದರೂ ಬಾಯಿ ಬಿಡಬೇಕಿತ್ತು. ನನ್ನ ಒಂದು ಮಾತು ಸಾಕಿತ್ತು, ಅವಳಿಗೆ ಒಲೆ ವಾಪಸ್ಸು ಸಿಗುತ್ತಿತ್ತು. ಆದರೆ ಆ ಮಾತು ದೋಣಿ ಹತ್ತಿ ಎಲ್ಲ ನಡುಗಡ್ಡೆಗೂ ಹೋಗುತ್ತಿತ್ತಲ್ಲ, ಆಮೇಲೆ ನನ್ನನ್ನು ಯಾರು ಕರೆಯುತ್ತಿದ್ದರು? ಹೆದರಿದೆ.

“ನನ್ನ ಕೈಯಲ್ಲೇ ಎಂತದೋ ತಪ್ಪಾಗಿರ್ಬೇಕು, ಅಲ್ದಾ?” ಎಂದು ಅವಳು ನನ್ನ ಮುಖ ನೋಡಿದಳು.

“ವಯಸ್ಸಾಯ್ತಲ್ಲಮ್ಮಾ” ಅಂದೆ.

“ಹೌದು” ಎಂದಳು. ನಂಬಿದಳು.