ಮೇಸ್ತ್ರಿ ಕೊಂಡ ಕಿವಿ ಮಿಷಿನ್ನು

ಲೇತ್ ಮೇಸ್ತ್ರಿಗೆ ಏನನ್ನಾದರೂ ಕೊಳ್ಳುವ ತನಕ ಯೋಚನೆಯೇ ಇರುತ್ತಿರಲಿಲ್ಲ, ಕೊಂಡ ಮೇಲೆ ಶುರುವಾಗುತ್ತಿತ್ತು. ಫ್ರಿಜ್ ಮನೆಗೆ ಬಂದ ಮರುದಿನವೇ ಅಂಗಡಿಗೆ ಹೋಗಿ, ತಾವು ಬೇಡವೆಂದು ಬಿಟ್ಟ ಇನ್ನೊಂದರ ಬಾಗಿಲು ತೆಗೆದು ಮುಚ್ಚಿ ನೋಡಿದ್ದರು. ಮೊಬೈಲು ಕೊಂಡಾಗ ಬಸ್ಸಿನಲ್ಲಿ ಪಕ್ಕ ಕೂತವರ ಮೊಬೈಲನ್ನೆಲ್ಲ ವಿಚಾರಿಸಿ, ಮುಖ ಸಣ್ಣದು ಮಾಡಿಕೊಂಡು ಬಂದಿದ್ದರು. "ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಅದು ಇವರೇ," ಎಂದು ಹೆಂಡತಿ ನಗುತ್ತಿದ್ದರು.

ಕಾರ್ಖಾನೆಯ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆದು ಕಡೆದು, ಆ ಸದ್ದಿಗೆ ಮೇಸ್ತ್ರಿಯ ಕಿವಿ ಮಂದವಾಗಿತ್ತು. ನಿವೃತ್ತಿಯಾದ ಮೇಲೆ ಮಗಳು ಹಟ ಹಿಡಿದು ಅಂಗಡಿಗೆ ಕರೆದುಕೊಂಡು ಹೋದಳು. ಕಿವಿಯ ಹಿಂದೆ ಕೂರುವ ಮಿಷಿನ್ನನ್ನು ಮೇಸ್ತ್ರಿಯೇ ಆರಿಸಿದರು.

ಮನೆಗೆ ಬಂದರೆ ಚಪ್ಪಲಿಯ ಸದ್ದು, ನಲ್ಲಿಯ ಸದ್ದು, ತಾವೇ ಅಗಿಯುವ ಸದ್ದು ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿತು. ಪೇಪರ್ ಮಡಚಿದರೂ ತಗಡು ಬಗ್ಗಿಸಿದ ಹಾಗೆ. ಮಗಳಿಗೆ ಫೋನ್ ಮಾಡಿದರು.

"ಕಿವಿಯೊಳಗೇ ಕೂರೋದು ಒಂದಿತ್ತಲ್ಲ, ಅದನ್ನೇ ತಗೋಬೇಕಿತ್ತು ಕಣಮ್ಮ."

"ಅಪ್ಪಾ, ಅದನ್ನ ಹಾಕಿ ನೋಡಿ ಬೇಡ ಅಂದಿದ್ದು ನೀವೇ ತಾನೆ?"

"ಆವಾಗ ಅಂದಿದ್ದೆ."

"ಸರಿ, ಸ್ವಲ್ಪ ದಿನ ಹಾಕ್ಕೊಳ್ಳಿ. ಆಮೇಲೂ ಬೇಡ ಅನ್ನಿಸಿದ್ರೆ ಅಂಗಡಿಯವರು ಬದಲಾಯಿಸಿ ಕೊಡ್ತಾರೆ."

ಮೇಸ್ತ್ರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮರುದಿನ ಬೆಳಿಗ್ಗೆಯೇ ಷರಟು ತೊಟ್ಟು, ಮಿಷಿನ್ನಿನ ಖಾಲಿ ಡಬ್ಬಿ ಹುಡುಕಿಕೊಂಡು ಹೊರಡಲು ನಿಂತರು. ಅಡುಗೆಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದರು. ಗಂಡನಿಗೆ ಕೇಳಬೇಕಾದ್ದನ್ನು ಕೂಗಿ ಹೇಳುವುದು, ಉಳಿದದ್ದನ್ನು ತಮ್ಮಷ್ಟಕ್ಕೆ ಆಡಿಕೊಳ್ಳುವುದು ಅವರಿಗೆ ಎಷ್ಟೋ ವರ್ಷಗಳ ರೂಢಿ.

"ಹೊರಟಿತು ಸವಾರಿ. ಕೈಗೆ ಬಂದಿದ್ದು ಒಂದೂ ಸರಿಹೋಗಲ್ಲ. ನನ್ನೊಬ್ಬಳನ್ನ ಹೇಗೆ ವಾಪಸ್ ಕಳಿಸದೆ ಇಟ್ಕೊಂಡ್ರೋ!"

ಮಿಷಿನ್ ಇನ್ನೂ ಕಿವಿಯಲ್ಲೇ ಇತ್ತು, ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ನಗಬೇಕೋ ರೇಗಬೇಕೋ ತಿಳಿಯದೆ ಮೇಸ್ತ್ರಿ ಡಬ್ಬಿ ಹಿಡಿದುಕೊಂಡೇ ನಿಂತರು. ಒಳಗಿನ ಮಾತು ಮುಂದುವರಿಯಿತು.

"ಈ ಮಂಡಿ ನೋವಿಗೆ ನಿದ್ದೆ ಅನ್ನೋದೇ ಇಲ್ಲ. ಹೇಳೋಣ ಅಂದ್ರೆ ಕೂಗಬೇಕು. ಇವರಿಗಿಂತ ಮೊದಲು ಬೀದಿಗೆ ಗೊತ್ತಾಗುತ್ತೆ."

ಮೇಸ್ತ್ರಿ ಡಬ್ಬಿ ಕೆಳಗಿಟ್ಟರು. ಅಡುಗೆಮನೆ ಬಾಗಿಲಿಗೆ ಹೋಗಿ ನಿಂತರು.

"ಎಷ್ಟು ದಿನದಿಂದ ನೋವು?"

ಹೆಂಡತಿ ಬೆಚ್ಚಿ ತಿರುಗಿದರು. "ಕೇಳಿಸ್ತಾ? ಎಲ್ಲಿಂದ?"

"ಸವಾರಿ ಹೊರಟಾಗಿಂದ."

ಅವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅವತ್ತು ಅಂಗಡಿಗೆ ಹೋಗುವ ಬದಲು ಇಬ್ಬರೂ ಡಾಕ್ಟರ ಹತ್ತಿರ ಹೋದರು. ಅಲ್ಲಿ ಕಾಯುತ್ತಿದ್ದ ಒಬ್ಬ ಹಿರಿಯರ ಕಿವಿಯೊಳಗೆ ಆ ಇನ್ನೊಂದು ಮಿಷಿನ್ ಕಂಡಿತು. ಮೇಸ್ತ್ರಿ ಬಿಟ್ಟಾರೆಯೇ? ಹೇಗಿದೆ ಎಂದು ಕೇಳಿಯೇ ಬಿಟ್ಟರು.

"ಬಿದ್ದು ಬಿದ್ದು ಹೋಗುತ್ತೆ ಮಾರಾಯರೇ. ನಿಮ್ಮ ಥರದ್ದೇ ತಗೋಬೇಕಿತ್ತು," ಎಂದರು ಅವರು.

ಮೇಸ್ತ್ರಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಹಿತವಾಯಿತು.

ಔಷಧಿ, ವ್ಯಾಯಾಮದಿಂದ ಮಂಡಿ ನೋವು ಪೂರ್ತಿ ಹೋಗದಿದ್ದರೂ ನಿದ್ದೆ ಬರುವಷ್ಟು ತಗ್ಗಿತು. ಮಿಷಿನ್ ಬದಲಾಯಿಸುವ ಅವಧಿ ಯಾವಾಗ ಮುಗಿಯಿತೋ ಯಾರೂ ಗಮನಿಸಲಿಲ್ಲ. ಸಂಜೆ ಹೊತ್ತು ಹೆಂಡತಿ ತವರಿನ ಹಳೆಯ ಜಗಳಗಳನ್ನು ಮೆಲ್ಲಗೆ, ಪಿಸುಮಾತಿನಲ್ಲೇ ಹೇಳುತ್ತಿದ್ದರು. ಅದರಲ್ಲಿ ಅರ್ಧಕ್ಕರ್ಧ ಮೇಸ್ತ್ರಿಗೆ ಹೊಸ ಸುದ್ದಿ.