ದವಾಖಾನೆಯ ಕಟ್ಟೆಗೆ ಬಂದ ಹುಲಿಗೆಮ್ಮ

ಹೆರಿಗೆ ಮಾಡಿಸುವ ನನ್ನ ಬಲಗೈಯನ್ನು, ಬಾಣಂತಿಯೊಬ್ಬಳು ತೀರಿಕೊಂಡ ಸಿಟ್ಟಿಗೆ ಅವಳ ಅಣ್ಣ ಬಡಿಗೆಯಿಂದ ಹೊಡೆದು ಮುರಿದ. ಹುಲಿಗೆಮ್ಮ ತಾಯಿಯ ಭಕ್ತರೇ, ನನ್ನ ಕಷ್ಟ ಅಲ್ಲಿಂದ ಶುರುವಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ಕಂಪ್ಲಿ ಕಡೆಯ ಸಣ್ಣ ದವಾಖಾನೆಯೊಂದರಲ್ಲಿ ನಾನು ನರ್ಸು. ಆ ಹೆಣ್ಣುಮಗಳನ್ನು ದಿನಗಟ್ಟಲೆ ಮನೆಯಲ್ಲೇ ನರಳಿಸಿ, ಇನ್ನಾಗದು ಎಂದಾಗ ಗಾಡಿಯಲ್ಲಿ ತಂದಿದ್ದರು. ಹೋದಳು ಎಂದು ಹೊರಗೆ ಬಂದು ಹೇಳುವಷ್ಟರಲ್ಲಿ ಏಟು ಬಿತ್ತು. ಅವನ ಮೇಲೆ ಸಿಟ್ಟು ಮಾಡಲೂ ಆಗದಷ್ಟು ದಣಿದಿದ್ದೆ.

ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡೆ. ಕೈ ಕೂಡಿಕೊಂಡರೂ ಅಂಜಿಕೆ ಹೋಗಲಿಲ್ಲ. ಹೊರಗೆ ಗಂಡಸರ ದನಿ ಕೇಳಿದರೆ ಬಾಗಿಲ ಅಗಳಿ ಹಾಕಿಕೊಳ್ಳುತ್ತಿದ್ದೆ. ಕೆಲಸ ಬಿಡೋಣವೆಂದರೆ ಸುತ್ತಲ ಹಳ್ಳಿಗಳಿಗೆ ಬೇರೆ ನರ್ಸಿಲ್ಲ. ಹುಣ್ಣಿಮೆಗೆ ಅಮ್ಮನ ಗುಡಿಯಿರುವ ಹುಲಿಗಿಗೆ ಹೋಗಿ, "ಯವ್ವಾ, ಈ ಅಂಜಿಕಿ ತಗಿ, ಇಲ್ಲಂದ್ರ ಈ ಕೆಲಸಾನ ಬಿಡಿಸು" ಎಂದು ಅತ್ತೆ. ಅಷ್ಟು ಗದ್ದಲದಲ್ಲಿ ಅಮ್ಮನಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ ಎಂದುಕೊಂಡೇ ವಾಪಸು ಬಂದೆ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಮತ್ತೊಬ್ಬ ಗರ್ಭಿಣಿಯನ್ನು ತಂದರು. ಹಿಂದೆ ಬಡಿಗೆ ಹಿಡಿದ ಗಂಡಸರಿದ್ದರು. ಕಾಲಿನ ಹುಣ್ಣಿಗೆ ಔಷಧಿ ಹಚ್ಚಿಸಿಕೊಳ್ಳಲು ಬಂದಿದ್ದ ಮುದುಕಿ ಜೋಗಮ್ಮ ಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳು ತಲೆಯ ಮೇಲೆ ಹೊತ್ತು ತಿರುಗುವ ಹುಲಿಗೆಮ್ಮನ ಮೂರ್ತಿಯ ಬುಟ್ಟಿ ಪಕ್ಕದಲ್ಲಿತ್ತು. ಅದನ್ನು ಕಂಡದ್ದೇ ಆ ಗಂಡಸರು ಮೆಟ್ಟು ಬಿಟ್ಟರು, ಬಡಿಗೆಗಳನ್ನು ಬೇವಿನ ಮರಕ್ಕೆ ಒರಗಿಸಿ ಬಂದು ಅಡ್ಡಬಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಜೋಗಮ್ಮ ನನ್ನ ಮುಖ ನೋಡಿದಳು.

"ಅಮ್ಮನ ಮುಂದ ಯಾರೂ ಕೈ ಎತ್ತಂಗಿಲ್ಲ. ನೀ ಒಳಗ ಹೋಗವ್ವ, ನಾ ಇಲ್ಲೇ ಕುಂತಿರ್ತೀನಿ."

ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅದನ್ನು ಹೇಳಲು ಅದೇ ಬಾಗಿಲಿಗೆ ಬರಬೇಕಾಯಿತು. ಹೇಳಿದೆ. ಕೂಸಿನ ತಂದೆ ಎದ್ದು ನನ್ನ ಕಡೆಗೆ ಬಂದ. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅವನು ಬುಟ್ಟಿಯ ಮುಂದೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಾನೂ ಪಕ್ಕದಲ್ಲಿ ಕುಳಿತು ಅತ್ತೆ. ಸ್ವಲ್ಪ ಹೊತ್ತಾದ ಮೇಲೆ, "ಆಕಿ ಆರಾಮ ಅದಾಳೇನ್ರಿ?" ಎಂದು ಕೇಳಿದ.

ವಾರಕ್ಕೊಮ್ಮೆ ಬರುವ ಡಾಕ್ಟರರ ಒಪ್ಪಿಗೆ ಪಡೆದು ಕಟ್ಟೆಯ ಮೇಲೆ ಗೂಡು ಕಟ್ಟಿಸಿ ಅಮ್ಮನನ್ನು ಕೂರಿಸಿದೆವು. ಈಗ ಬಡಿಗೆ, ಕುಡುಗೋಲು ಎಲ್ಲ ಮರದ ಬುಡದಲ್ಲೇ ಉಳಿಯುತ್ತವೆ. ಅಲ್ಲಿಂದೀಚೆಗೆ ನಮ್ಮ ಮೇಲೆ ಯಾರೂ ಕೈ ಮಾಡಿಲ್ಲ.

ನನ್ನ ದಣಿವು ಹೋಗಿಲ್ಲ, ಸಾವೂ ನಿಂತಿಲ್ಲ. ಆದರೆ ಸತ್ತದ್ದನ್ನು ಅಂಜದೆ ಹೇಳಿ, ಸತ್ತವರ ಮನೆಯವರ ಜೊತೆ ಕುಳಿತು ಅಳುವ ಭಾಗ್ಯವನ್ನು ತಾಯಿ ಕೊಟ್ಟಳು. ಬೇಡಿಕೊಳ್ಳುವಾಗ ಇಂಥದ್ದೊಂದು ಇದೆಯೆಂದು ನನಗೇ ಗೊತ್ತಿರಲಿಲ್ಲ.