ಅಮಾವಾಸ್ಯೆಗೊಂದು ಪಾಸ್‌ವರ್ಡ್

ಸಿಂಧನೂರಿನ ಖಾಸಗಿ ಲ್ಯಾಬೊಂದರಲ್ಲಿ ನಾನು ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಲಿಂಗಸುಗೂರು, ಮಸ್ಕಿಗಳಲ್ಲಿ ಅದರ ಶಾಖೆಗಳಿದ್ದವು. ಮೂರೂ ಊರಿನ ರಕ್ತಪರೀಕ್ಷೆಯ ವರದಿಗಳು ಬಂದು ಸೇರುತ್ತಿದ್ದದ್ದು ನನ್ನ ಮೇಜಿನ ಪಕ್ಕದ ಯಂತ್ರಕ್ಕೆ. ಅಷ್ಟಕ್ಕೇ ಜಂಬದಿಂದ ನನ್ನ ತಲೆ ತಿರುಗಿತ್ತು.

ಎಲ್ಲೋ ಮಾಹಿತಿ ಕಳುವಾದ ಸುದ್ದಿ ಓದಿದ ಮಾಲೀಕರು ಭದ್ರತೆ ಬಿಗಿ ಮಾಡು ಎಂದರು. ಮಾಡಿದೆ. ಪಾಸ್‌ವರ್ಡಿಗೆ ಹನ್ನೆರಡು ಅಕ್ಷರ. ಅದರಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು. ಮೂವತ್ತು ದಿನಕ್ಕೆ ಅದರ ಆಯುಸ್ಸು ಮುಗಿಯಬೇಕು. ಹಳೆಯದನ್ನೇ ಮತ್ತೆ ಇಟ್ಟರೆ ಡೇಟಾಬೇಸ್ ಒಪ್ಪಬಾರದು. ಕೂತಲ್ಲೇ ನಾಲ್ಕು ಸಾಲು ಬರೆದೆ, ಮೂರು ಊರಿಗೆ ಕಾನೂನಾಯಿತು.

ಮಸ್ಕಿ ಶಾಖೆಯಲ್ಲಿ ವರದಿ ತುಂಬುತ್ತಿದ್ದವರು ಐವತ್ತು ದಾಟಿದ ಹೆಂಗಸು. ಎಲ್ಲರೂ ಅಕ್ಕಾರ ಎನ್ನುತ್ತಿದ್ದರು. ಅವರ ಮನೆ ನಡೆಯುತ್ತಿದ್ದದ್ದು ಆ ಒಂದು ನೌಕರಿಯ ಮೇಲೆ. ಅವರೇ ಫೋನ್ ಮಾಡಿದರು.

"ತಮ್ಮಾ, ತಿಂಗಳಿಗೊಮ್ಮಿ ಹೊಸಾದು ಅಂದ್ರ ನನ್ನ ತಲ್ಯಾಗ ಉಳಿಯಂಗಿಲ್ಲಪಾ. ಸ್ವಲ್ಪ ಸಡ್ಲ ಮಾಡು."

"ಬರಂಗಿಲ್ರೀ ಅಕ್ಕಾರ. ರೂಢಿ ಮಾಡ್ಕೋರಿ."

ಅವರು ಉಪಾಯ ಕಂಡುಕೊಂಡರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮೂವತ್ತು ದಿನ ಮೀರುವುದಿಲ್ಲವಲ್ಲ; ಪ್ರತಿ ಅಮಾವಾಸ್ಯೆಗೆ ಪಾಸ್‌ವರ್ಡ್ ಬದಲಿಸಿ, ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಬರೆದಿಡುವಂತೆ, ಶಾಖೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲೇ ಬರೆದಿಡತೊಡಗಿದರು. ಒಮ್ಮೆ ಮಸ್ಕಿಗೆ ಹೋದಾಗ ನಾನೇ ಕಣ್ಣಾರೆ ಕಂಡೆ. ನಕ್ಕು, ಅವರು ತರಿಸಿಕೊಟ್ಟ ಚಹಾ ಕುಡಿದು, ಬಸ್ ಹತ್ತಿದೆ. ಪಾಸ್‌ವರ್ಡ್ ಬದಲಾಗುತ್ತಿತ್ತು, ನನಗೆ ಅಷ್ಟು ಸಾಕಿತ್ತು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಸ್ಕಿಯಲ್ಲಿ ಬಸುರಿಯೊಬ್ಬಳ ರಕ್ತದ ಗುಂಪು ತಪ್ಪಾಗಿ ದಾಖಲಾಯಿತು. ಆಸ್ಪತ್ರೆಯವರು ರಕ್ತ ಏರಿಸುವ ಮೊದಲು ಮತ್ತೊಮ್ಮೆ ಪರೀಕ್ಷಿಸಿದ್ದರಿಂದ ಅನಾಹುತ ತಪ್ಪಿತು. ತುಂಬಿದವರು ಯಾರೆಂದು ಮಾಲೀಕರು ಕೇಳಿದರು. ಡೇಟಾಬೇಸಿನಲ್ಲಿ ಅಕ್ಕಾರ ಹೆಸರಿತ್ತು. ನಾನು ಅದನ್ನು ಮುದ್ರಿಸಿ ಕೊಟ್ಟೆ.

ವಿಚಾರಣೆ ಲಿಂಗಸುಗೂರಿನ ಶಾಖೆಯಲ್ಲಿ ನಡೆಯಿತು.

"ಆ ಹೊತ್ತಿನ್ಯಾಗ ನಾ ಮನಿಗೆ ಊಟಕ್ಕ ಹೋಗಿದ್ನಿರೀ. ಕ್ಯಾಲೆಂಡರ್ ನೋಡಿ ಯಾರೋ ತುಂಬ್ಯಾರ," ಎಂದರು ಅಕ್ಕಾರು.

ಮಾಲೀಕರು ನನ್ನ ಕಡೆ ತಿರುಗಿದರು. ಬರೆದಿಡದೆ ಆಕೆಗೆ ಬೇರೆ ಗತಿ ಇರಲಿಲ್ಲ, ಹಾಗೆ ಮಾಡಿದ್ದು ನನ್ನ ನಿಯಮ, ಆ ಕ್ಯಾಲೆಂಡರ್ ನೋಡಿಯೂ ನಾನು ಸುಮ್ಮನಿದ್ದೆ. ಇದಿಷ್ಟೂ ಹೇಳಬಹುದಿತ್ತು.

"ಬರದಿಟ್ಟಿದ್ದು ಅವರ ತಪ್ಪ ಐತ್ರಿ ಸರ್," ಎಂದೆ.

ಆ ಮಾತು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅಕ್ಕಾರ ಕೆಲಸ ಅಲ್ಲಿಯೇ ಹೋಯಿತು. ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದು, ಚಪ್ಪಲಿ ಮೆಟ್ಟುತ್ತ ನನ್ನನ್ನು ಕೇಳಿದರು:

"ನಿಂದು ಎಷ್ಟು ದಿನಕ್ಕೊಮ್ಮಿ ಬದ್ಲಿ ಮಾಡ್ತೀ ತಮ್ಮಾ?"

ಫೋನ್ ಬಂದವನಂತೆ ನಟಿಸಿದೆ. ನೆನಪಿಟ್ಟುಕೊಳ್ಳುವ ಪೀಡೆ ಯಾರಿಗೆ ಬೇಕೆಂದು, ನಿಯಮ ಹಾಕಿದ ದಿನವೇ ನನ್ನ ಖಾತೆಯನ್ನು ಅದರಿಂದ ಹೊರಗಿಟ್ಟಿದ್ದೆ. ಮರುದಿನ ಸಿಂಧನೂರಿನಲ್ಲಿ, ಆರು ವರ್ಷದಿಂದ ಬದಲಾಗದ ಅದೇ ಪಾಸ್‌ವರ್ಡ್ ಒತ್ತಿ ಒಳಹೊಕ್ಕು, ಅಕ್ಕಾರ ಖಾತೆಯನ್ನು ಅಳಿಸಿ ಹಾಕಿದೆ.